ನನ್ನ ಬದಲಿಗೆ ಕೂತ ಹೂಜಿ

ಅಕ್ಕನ ಶವಪೆಟ್ಟಿಗೆಯ ತಲೆಯ ಕಡೆ ಒಂದು ಸ್ಟೂಲಿಟ್ಟು, ಅದರ ಮೇಲೆ ಅವಳ ಫೋಟೊ ನಿಲ್ಲಿಸಿ ಹಾರ ಹಾಕಿದ್ದೆವು. ಚರ್ಚಿನಲ್ಲಿ ಎಷ್ಟೋ ವರ್ಷದಿಂದ ನಮ್ಮ ಹಿಂದಿನ ಸಾಲಿನಲ್ಲೇ ಕೂರುತ್ತಿದ್ದ ಹಿರಿಯರೊಬ್ಬರು ಹೂವಿಟ್ಟು, ಆ ಫೋಟೊ ಕಡೆ ಬಗ್ಗಿ ನೋಡಿ, ನನ್ನ ಕಿವಿಯ ಹತ್ತಿರ ಬಂದು, "ಇದ್ಯಾರಮ್ಮ ಇದು?" ಅಂದರು. ಅವರದೇನೂ ತಪ್ಪಿಲ್ಲ. ವೋಟರ್ ಕಾರ್ಡಿನಲ್ಲಿದ್ದ ಉಗುರಿನಷ್ಟು ಮುಖವನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ಫ್ರೇಮು ಹಾಕಿಸಿದ್ದೆ. ಕಣ್ಣಿದ್ದ ಕಡೆ ಎರಡು ಮಸಿ ಬೊಟ್ಟು, ಮೂಗಿದ್ದ ಕಡೆ ಏನೂ ಇಲ್ಲ. "ನಮ್ಮಕ್ಕ ಕಣ್ರೀ" ಅಂದೆ. ಅಳು ಬರುವ ಬದಲು ಸಿಟ್ಟು ಬಂತು. ಯಾರ ಮೇಲೆ ಅಂತ ಆಗ ಗೊತ್ತಾಗಲಿಲ್ಲ.

ನನ್ನ ಮೇಲೇ ಬರಬೇಕಿತ್ತು. ನಜರ್‌ಬಾದಿನ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದದ್ದು. ಇಬ್ಬರಿಗೂ ಮದುವೆಯಾಗಲಿಲ್ಲ. ಅದರ ಹಿಂದೆ ದೊಡ್ಡ ಕಥೆಯೇನಿಲ್ಲ, ಆಗಲಿಲ್ಲ ಅಷ್ಟೆ. ಅಕ್ಕ ಮನೆಯಲ್ಲೇ ಹೊಲಿಗೆ ಮಷೀನಿಟ್ಟುಕೊಂಡು, ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ಹೆಣ್ಣುಮಕ್ಕಳಿಗೆ ಬಿಳಿ ಫ್ರಾಕು ಹೊಲಿಯುತ್ತಿದ್ದಳು. ನಾನು ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಮೂವತ್ತೊಂದು ವರ್ಷ ಈ ಊರಿನ ಜನರ ಮೂಳೆಗಳ ಚಿತ್ರ ತೆಗೆದಿದ್ದೇನೆ. ಅಕ್ಕನ ಎದೆಯದೇ ನಾಲ್ಕು ಎಕ್ಸ್‌ರೇ ಮನೆಯಲ್ಲಿವೆ, ಪಕ್ಕೆಲುಬು ಒಂದೊಂದಾಗಿ ಎಣಿಸಬಹುದು. ಮುಖದ ಫೋಟೊ ಮಾತ್ರ ಒಂದೂ ಇಲ್ಲ. ಯಾರಾದರೂ ಮೊಬೈಲ್ ಎತ್ತಿದರೆ ಸಾಕು, "ಒಲೆ ಮೇಲೆ ಹಾಲಿಟ್ಟಿದ್ದೀನಿ ಕಣೇ" ಅಂತ ಒಳಗೆ ಹೋಗಿಬಿಡುತ್ತಿದ್ದಳು. ನಾನೂ ಬಲವಂತ ಮಾಡಲಿಲ್ಲ. ದಿನಾ ಎದುರಿಗೇ ಇರುವವಳ ಫೋಟೊ ಯಾಕೆ ಅನ್ನುವ ಧೈರ್ಯ.

ಅವಳಿಗಾದರೂ ವೋಟರ್ ಕಾರ್ಡು ಹುಡುಕಲು ನಾನಿದ್ದೆ. ನನಗೆ ಯಾರಿದ್ದಾರೆ? ಏಳನೇ ದಿನದ ಪೂಜೆ ಮುಗಿಸಿಕೊಂಡು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಈ ಪ್ರಶ್ನೆ ತಲೆಗೆ ಹೊಕ್ಕಿತು, ಆಮೇಲೆ ಹೊರಗೆ ಹೋಗಲಿಲ್ಲ. ನಾನು ಸತ್ತ ದಿನ ಪಕ್ಕದ ಮನೆಯವರೋ ಚರ್ಚಿನವರೋ ಬೀರು ತಡಕಾಡಿ, ಸಿಕ್ಕಿದ ಕಾರ್ಡು ಹಿಡಿದುಕೊಂಡು ಅದೇ ಜೆರಾಕ್ಸ್ ಅಂಗಡಿಗೆ ಓಡುತ್ತಾರೆ. ಮತ್ತೆ ಯಾರೋ ಬಗ್ಗಿ ನೋಡಿ ಇದ್ಯಾರು ಅನ್ನುತ್ತಾರೆ. ಉತ್ತರ ಕೊಡಲು ಆವತ್ತು ಒಬ್ಬರೂ ಇರುವುದಿಲ್ಲ. ಅದು ಆಗಕೂಡದು. ನನ್ನ ಮುಖ ನನ್ನ ಮುಖದ ಹಾಗೇ ಇರುವ ಒಂದು ಫೋಟೊ ಮಾಡಿಸಿ, ಫ್ರೇಮು ಹಾಕಿಸಿ, ಬೀರು ತೆಗೆದ ಕೂಡಲೇ ಕಾಣುವ ಹಾಗೆ ಇಟ್ಟು ಹೋಗಬೇಕು. ಇಷ್ಟೇ ನನಗೆ ಬೇಕಾಗಿದ್ದದ್ದು. ದೊಡ್ಡ ಆಸೆಯೇನಲ್ಲ ಅಂದುಕೊಂಡಿದ್ದೆ.

ಮೊದಲು ಒಂಟಿಕೊಪ್ಪಲಿನ ಕಡೆ ಯಾವುದೋ ಸ್ಟುಡಿಯೊಗೆ ಹೋದೆ. ಅಲ್ಲಿಯವನು ಟಪಟಪ ಅಂತ ನಾಲ್ಕು ತೆಗೆದು, ಕಂಪ್ಯೂಟರಿನಲ್ಲಿ ಏನೇನೋ ಉಜ್ಜಿ, ತೋರಿಸಿದ. ಕೆನ್ನೆ ಮೇಲಿನ ಮಚ್ಚೆ ಇಲ್ಲ, ಕಣ್ಣ ಕೆಳಗಿನ ಚೀಲಗಳಿಲ್ಲ, ಹಣೆಯ ಗೆರೆ ಇಲ್ಲ. ನಾನು ಹುಟ್ಟಿದಾಗಲೂ ಅಷ್ಟು ಬೆಳ್ಳಗಿರಲಿಲ್ಲ.

"ಮಚ್ಚೆ ಎಲ್ಲಪ್ಪ?"

"ತೆಗ್ದಾಕಿದ್ದೀನಿ ಆಂಟಿ. ಅದಕ್ಕೇನೂ ಚಾರ್ಜ್ ಇಲ್ಲ."

"ತೆಗಿ ಅಂತ ನಾನ್ ಹೇಳಿದ್ನಾ? ಅರವತ್ತು ವರ್ಷದಿಂದ ಹೊತ್ಕೊಂಡಿದ್ದೀನಿ ಅದನ್ನ. ವಾಪಸ್ ಇಡು."

"ಇಟ್ರೆ ಚೆನ್ನಾಗ್ ಕಾಣಲ್ಲ ಆಂಟಿ."

ಚೆನ್ನಾಗಿ ಕಾಣಬೇಕು ಅಂತ ನಾನು ಹೋಗಿರಲಿಲ್ಲ. ಕಾಣಬೇಕು ಅಂತ ಹೋಗಿದ್ದೆ. ಅಲ್ಲೇ ಚೆನ್ನಾಗಿ ಜಗಳವಾಡಿ ಎದ್ದು ಬಂದೆ. ನನ್ನ ಬಾಯಿ ಸ್ವಲ್ಪ ಜೋರು. ಅಕ್ಕ ಇದ್ದಾಗ ಹಿಂದಿನಿಂದ ಸೆರಗು ಎಳೆದು ಸುಮ್ಮನಾಗಿಸುತ್ತಿದ್ದಳು. ಈಗ ಎಳೆಯುವವರಿಲ್ಲ, ಹಾಗಾಗಿ ಹಿಡಿದ ಜಗಳವೆಲ್ಲ ಕೊನೆಯವರೆಗೂ ಹೋಗುತ್ತದೆ.

ಮೊಬೈಲಿನಲ್ಲಿ ನಾನೇ ತೆಗೆದುಕೊಂಡರೆ ಮೂಗು ಬದನೆಕಾಯಿಯ ಹಾಗೆ ಮುಂದೆ ಬರುತ್ತಿತ್ತು. ಆಗ ಅಟ್ಟದ ಮೇಲಿದ್ದ ಕ್ಯಾಮೆರಾ ನೆನಪಾಯಿತು. ನಾನು ರಿಟೈರ್ ಆದ ದಿನ ನಮ್ಮ ವಿಭಾಗದ ಹಳೆಯ ಡಾಕ್ಟರು, ತಮ್ಮ ಕಾಲದ ರೋಲು ಹಾಕುವ ಕ್ಯಾಮೆರಾ ನನ್ನ ಕೈಗಿಟ್ಟು, "ಫಿಲ್ಮ್ ಅಂದ್ರೆ ಏನೂಂತ ಗೊತ್ತಿರೋಳು ಇಲ್ಲಿ ನೀನೊಬ್ಳೇ ಉಳಿದಿರೋದು, ಇಟ್ಕೋ" ಅಂದಿದ್ದರು. ಇಳಿಸಿ ಧೂಳು ಒರೆಸಿದೆ. ಫಿಲ್ಮ್ ಯಾರ ಮಚ್ಚೆಯನ್ನೂ ತೆಗೆಯುವುದಿಲ್ಲ. ಬಿದ್ದ ಬೆಳಕನ್ನು ಬಿದ್ದ ಹಾಗೆ ಹಿಡಿಯುತ್ತದೆ. ಕಂಪ್ಯೂಟರ್ ಬರುವ ತನಕ ಕತ್ತಲೆಕೋಣೆಯಲ್ಲಿ ಫಿಲ್ಮ್ ತೊಳೆಯುವ ಡೆವಲಪರ್ ವಾಸನೆಯಲ್ಲೇ ಬದುಕಿದವಳು ನಾನು. ಇದೇನು ಮಹಾ ವಿದ್ಯೆ, ಎರಡು ದಿನದಲ್ಲಿ ಕಲಿತರಾಯಿತು ಅಂದುಕೊಂಡೆ. ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ.

ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ.

"ಕಣ್ಣಿಟ್ಟು ನೋಡ್ತೀಯಲ್ಲ, ಅದರೊಳಗೆ ಬಲಗಡೆ ಒಂದು ಮುಳ್ಳಿದೆ. ಅದೇ ಲೈಟ್ ಮೀಟರ್" ಅಂದರು. "ಬೆಳಕು ಜಾಸ್ತಿಯಾದ್ರೆ ಮೇಲೆ ಹೋಗುತ್ತೆ, ಕಮ್ಮಿಯಾದ್ರೆ ಕೆಳಗೆ ಬೀಳುತ್ತೆ. ಲೆನ್ಸ್ ಸುತ್ತ ಇರೋ ಉಂಗುರ ತಿರುಗಿಸಿ ಮುಳ್ಳನ್ನ ಮಧ್ಯಕ್ಕೆ ತಂದ್ಬುಡು, ಮುಗೀತು. ಆದ್ರೆ ಎದುರುಗಡೆ ಮನುಷ್ಯರು ಕೂತಿರ್ಬೇಕು, ಮರೀಬೇಡ. ಖಾಲಿ ಜಾಗಕ್ಕೆ ಹಿಡಿದ್ರೆ ಏನೂ ಪ್ರಯೋಜನ ಇಲ್ಲ."

ಎದುರುಗಡೆ ಮನುಷ್ಯರು! ಅವರೊಬ್ಬರು ಇದ್ದಿದ್ದರೆ ಈ ಗೋಳೆಲ್ಲ ಯಾಕೆ ಬೇಕಿತ್ತು? ಡಾಕ್ಟರಿಗೆ ಅದನ್ನು ಹೇಳಲಿಲ್ಲ. "ಸರಿ ಸಾರ್" ಅಂತ ಫೋನಿಟ್ಟೆ.

ನಮ್ಮ ಹಿತ್ತಲಿನಲ್ಲಿ ಸುಣ್ಣ ಹೊಡೆದ ಗೋಡೆಗೆ ಒರಗಿಸಿದ ಒಂದು ಉದ್ದನೆಯ ಬೆಂಚಿದೆ. ಬೆಳಗ್ಗೆ ಹತ್ತರ ತನಕ ಅಲ್ಲಿ ಬೆಳಕು ಚೆನ್ನಾಗಿರುತ್ತದೆ. ಎದುರಿಗೆ ಟ್ರಂಕು, ಟ್ರಂಕಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಕ್ಯಾಮೆರಾ ಇಟ್ಟು, ಬೆಂಚಿನ ನಟ್ಟನಡುವಿಗೆ ಗುರಿ ಹಿಡಿದೆ. ಕ್ಯಾಮೆರಾದ ಮುಂಭಾಗದಲ್ಲಿ ಒಂದು ಸಣ್ಣ ಕಡ್ಡಿ ಇದೆ. ಅದನ್ನು ತಿರುಗಿಸಿ ಗುಂಡಿ ಒತ್ತಿದರೆ ಸರ್ ಅಂತ ಸದ್ದು ಮಾಡುತ್ತಾ ಹತ್ತು ಸೆಕೆಂಡು ಕಾದು, ಆಮೇಲೆ ತಾನೇ ಕ್ಲಿಕ್ ಆಗುತ್ತದೆ. ಓಡಿಹೋಗಿ ಕೂರಲು ಹತ್ತು ಸೆಕೆಂಡು ಸಾಕು. ಕಷ್ಟ ಇದ್ದದ್ದು ಮೀಟರಿನದು. ಮುಳ್ಳು ನೋಡುವಾಗ ನಾನು ಕ್ಯಾಮೆರಾದ ಹಿಂದಿರುತ್ತೇನೆ, ಬೆಂಚಿನ ಮೇಲೆ ಯಾರೂ ಇರುವುದಿಲ್ಲ. ಬೆಂಚಿನ ಮೇಲೆ ಕೂತರೆ ಮುಳ್ಳು ನೋಡುವವರಿಲ್ಲ. ಒಂಟಿ ಮನುಷ್ಯರಿಗೆ ಈ ಯಂತ್ರ ಮಾಡಿಲ್ಲ ಅನ್ನುವುದು ಮೊದಲನೇ ದಿನವೇ ಗೊತ್ತಾಯಿತು.

ಅದಕ್ಕೆ ಉಪಾಯ ಹೂಡಿದೆ. ಅಡುಗೆಮನೆಯಿಂದ ಅಕ್ಕಿ ಡಬ್ಬ ತಂದು ಬೆಂಚಿನ ಮೇಲೆ ನಾನು ಕೂರುವ ಜಾಗದಲ್ಲಿಟ್ಟೆ. ಅದಕ್ಕೆ ನನ್ನ ನೀಲಿ ಸೀರೆ ಸುತ್ತಿದೆ. ತಲೆಯ ಜಾಗಕ್ಕೆ ಮಣ್ಣಿನ ಹೂಜಿ. ಹೂಜಿಯ ಬಣ್ಣವೂ ನನ್ನ ಬಣ್ಣವೂ ಒಂದೇ, ಮುಚ್ಚುಮರೆ ಯಾಕೆ? ಕ್ಯಾಮೆರಾದ ಹಿಂದೆ ಹೋಗಿ ಮುಳ್ಳು ಮಧ್ಯಕ್ಕೆ ತರುವಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯಾಕೆ ಇಣುಕಿದರು.

"ಏನ್ರೀ ಇದು, ಹೂಜಿಗೆ ಸೀರೆ ಉಡ್ಸಿ ಫೋಟೊ ತೆಗೀತಿದ್ದೀರಾ?"

"ಹೂಂ ಕಣ್ರೀ, ಗಂಡಿನ ಕಡೆಯವರು ಕೇಳಿದ್ದಾರೆ."

ಆಕೆ ಬಿದ್ದು ಬಿದ್ದು ನಕ್ಕು ಒಳಗೆ ಹೋದರು. ಒಂದೈದು ನಿಮಿಷ ಬಂದು ಕೂರ್ತೀರಾ ಅಂತ ಕೇಳಬಹುದಿತ್ತು. ಒಳ್ಳೆಯವರು, ಬರುತ್ತಿದ್ದರು. ಯಾಕ್ರೀ ಅಂದಿದ್ದರೆ? ನನ್ನ ಸಾವಿನ ದಿನಕ್ಕೆ ಫೋಟೊ ಬೇಕು ಅನ್ನಲೇ? ಪಾಪ ಅಂದುಬಿಡುತ್ತಿದ್ದರು. ಪಾಪ ಅನ್ನಿಸಿಕೊಳ್ಳುವುದಕ್ಕಿಂತ ಹೂಜಿಯೇ ವಾಸಿ ಅನ್ನಿಸಿತು.

ಹೂಜಿ, ಡಬ್ಬ ಇಳಿಸಿ, ಕಡ್ಡಿ ತಿರುಗಿಸಿ, ಗುಂಡಿ ಒತ್ತಿ, ಓಡಿ ಹೋಗಿ ಕೂರುತ್ತಿದ್ದೆ. ಸರ್ ಅನ್ನುವ ಸದ್ದು ಕೇಳುತ್ತಲೇ ನನಗೆ ಗೊತ್ತಿಲ್ಲದೆ ಉಸಿರು ಬಿಗಿಹಿಡಿಯುತ್ತಿದ್ದೆ. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ" ಅಂತ ಸಾವಿರಾರು ಜನಕ್ಕೆ ಹೇಳಿದ್ದು ಈಗ ನನಗೇ ತಿರುಗಿತ್ತು. ಬಿಡಿ ಅಂತ ಹೇಳುವವರಿಲ್ಲದೆ ಕ್ಲಿಕ್ ಆದ ಮೇಲೂ ಎಷ್ಟೋ ಹೊತ್ತು ಹಾಗೇ ಕೂತಿರುತ್ತಿದ್ದೆ.

ಈಗ ಮೈಸೂರಿನಲ್ಲಿ ಕಪ್ಪುಬಿಳುಪು ರೋಲು ತೊಳೆಯುವವರನ್ನು ಹುಡುಕುವುದೇ ಒಂದು ಕೆಲಸ. ಕೊನೆಗೆ ಚಾಮರಾಜಪುರಂನ ಒಂದು ಹಳೆಯ ಸ್ಟುಡಿಯೊದಲ್ಲಿ, ನನ್ನದೇ ವಯಸ್ಸಿನ ಮಾಲೀಕರು ಹಿಂದಿನ ಕೋಣೆಯಲ್ಲಿ ಕೈಯಲ್ಲೇ ತೊಳೆಯುತ್ತಾರೆ ಅಂತ ಗೊತ್ತಾಯಿತು. ಮೆದು ಮಾತಿನ ಮನುಷ್ಯ. ರೋಲು ಕೊಟ್ಟು ಬಂದು ನಾಲ್ಕು ದಿನ ಬಿಟ್ಟು ಹೋದೆ. ಮೂವತ್ತಾರೂ ಚಿತ್ರಗಳನ್ನು ಅಂಚೆಚೀಟಿಯಷ್ಟು ಚಿಕ್ಕದಾಗಿ ಒಂದೇ ಕಾಗದದ ಮೇಲೆ ಮುದ್ರಿಸಿ ಕೊಟ್ಟರು. ನೆಗೆಟಿವ್ ಇನ್ನೂ ಕತ್ತರಿಸಿಲ್ಲ, ಮುಂದಿನ ಸಲ ತಗೊಳ್ಳಿ ಅಂದರು. ಕಾಗದ ನೋಡಿದೆ. ಹಿಂದಿನ ಗೋಡೆ ಬೂದುಬೂದು. ನನ್ನ ಮುಖ ಕಪ್ಪು, ಕಣ್ಣು ಯಾವುದು ಬಾಯಿ ಯಾವುದು ಗೊತ್ತಾಗದಷ್ಟು ಕಪ್ಪು.

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಬಿಡಬೇಕಲ್ಲ? "ಗೊತ್ತಾಯ್ತು ಬುಡಿ ಸ್ವಾಮಿ, ಇದೇ ಕೆಲಸ ಮಾಡಿ ರಿಟೈರ್ ಆದೋಳು ನಾನು" ಅಂದು, ಕಾಗದವನ್ನು ಅಲ್ಲೇ ಬಿಟ್ಟು, ಇನ್ನೊಂದು ರೋಲು ತೆಗೆದುಕೊಂಡು ಬಂದೆ. ಎಕ್ಸ್‌ರೇ ಫಿಲ್ಮ್ ಕಪ್ಪಗೆ ಬಂದರೆ ಕಿರಣ ಜಾಸ್ತಿಯಾಯಿತು ಅಂತ ಅರ್ಥ. ಮುಂದಿನದಕ್ಕೆ ಕಮ್ಮಿ ಮಾಡಬೇಕು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅದನ್ನೇ ಹೇಳುತ್ತೇನೆ. ಮನೆಗೆ ಬಂದು ಮತ್ತೆ ಹೂಜಿ ಕೂರಿಸಿದೆ, ಮುಳ್ಳು ಮಧ್ಯದಿಂದ ಚೆನ್ನಾಗಿ ಕೆಳಗೆ ಬೀಳುವ ತನಕ ಉಂಗುರ ತಿರುಗಿಸಿ ಬೆಳಕು ಕಮ್ಮಿ ಮಾಡಿದೆ, ಮೂವತ್ತಾರು ಸಲ ಓಡಿ ಹೋಗಿ ಕೂತೆ. ಮಂಡಿ ಹಿಡಿದುಕೊಂಡಿತು.

ಎರಡನೇ ಸಲ ಆ ಸ್ಟುಡಿಯೊದವರು ಕಾಗದ ಕೊಡಲಿಲ್ಲ. "ಇದ್ರಲ್ಲಿ ಪ್ರಿಂಟ್ ಹಾಕೋಕೆ ಏನೂ ಇಲ್ಲಮ್ಮ" ಅಂತ ನೆಗೆಟಿವ್ ಪಟ್ಟಿಯನ್ನೇ ಕೈಗಿತ್ತರು. ಅಭ್ಯಾಸಬಲದಿಂದ ಬಾಗಿಲ ಬೆಳಕಿಗೆ ಎತ್ತಿ ಹಿಡಿದೆ. ನೀರಿನ ಹಾಗೆ ತಿಳಿಯಾಗಿತ್ತು. ಅಲ್ಲೊಂದು ಇಲ್ಲೊಂದು ಮಸುಕು ನೆರಳು. ಹಿಡಿದ ಅರೆಗಳಿಗೆಯಲ್ಲೇ ನನಗೆ ಅರ್ಥವಾಯಿತು. ಬೆಳಕೇ ಬಿದ್ದಿಲ್ಲ. ಎಕ್ಸ್‌ರೇಯಲ್ಲಿ ನಾವು ನೋಡುವುದು ಫಿಲ್ಮನ್ನೇ, ಅದನ್ನು ಕಾಗದಕ್ಕೆ ಇಳಿಸುವುದಿಲ್ಲ. ಇಲ್ಲಿ ಕಾಗದಕ್ಕೆ ಇಳಿಯುವಾಗ ಕಪ್ಪು ಬಿಳಿಯಾಗುತ್ತದೆ, ಬಿಳಿ ಕಪ್ಪಾಗುತ್ತದೆ. ಹೋದ ಸಲ ಮುಖ ಕಪ್ಪಗಿದ್ದದ್ದು ಬೆಳಕು ಸಾಲದೆ. ಅದನ್ನು ಜಾಸ್ತಿ ಅಂದುಕೊಂಡು ಇನ್ನೂ ಕಿತ್ತುಕೊಂಡಿದ್ದೆ. ಅಯ್ಯೋ ದೇವರೇ! ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ. ಮೂವತ್ತೊಂದು ವರ್ಷದ ಅನುಭವಸ್ಥೆ, ಬಾಯಿ ಮಾಡಿ ಹೋದವಳು, ಈಗ ಬೆಪ್ಪುತಕ್ಕಡಿಯ ಹಾಗೆ ಬಾಗಿಲಲ್ಲಿ ನಿಂತಿದ್ದೆ. ನಗು ಬಂತು, ನಗುವಾಗ ಕಣ್ಣಲ್ಲಿ ನೀರೂ ಬಂತು. ಇದನ್ನು ಮನೆಗೆ ಹೋಗಿ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುವವಳು ಒಬ್ಬಳಿದ್ದಳು.

ಆವತ್ತು ಬಾಯಿ ಮುಚ್ಚಿಕೊಂಡು ಕೂತು ಕೇಳಿಸಿಕೊಂಡೆ. ಅವರು ಒಂದು ಕುರ್ಚಿ ಎಳೆದು ಹಾಕಿ, ನನ್ನ ಕ್ಯಾಮೆರಾ ಕೈಗೆ ತೆಗೆದುಕೊಂಡು ನಿಧಾನವಾಗಿ ಹೇಳಿಕೊಟ್ಟರು.

"ಮೀಟರ್‌ಗೆ ಕಣ್ಣಿಲ್ಲ ಕಣಮ್ಮ. ಎದುರಿಗಿರೋದು ಗೋಡೆನೋ ಮುಖನೋ ಅದಕ್ಕೆ ಗೊತ್ತಾಗಲ್ಲ. ಪ್ರಪಂಚದಲ್ಲಿರೋದೆಲ್ಲ ಬೂದಿ ಬಣ್ಣ ಅಂತ ನಂಬ್ಕೊಂಡಿದೆ. ಬಿಳಿ ಗೋಡೆ ತೋರ್ಸಿದ್ರೆ, ಓ ಬೆಳಕು ಜಾಸ್ತಿ ಅಂತ ಕಮ್ಮಿ ಮಾಡಿಸಿ ಅದನ್ನ ಬೂದಿ ಮಾಡುತ್ತೆ. ಗೋಡೆ ಬೂದಿಯಾದ್ರೆ ಅದರ ಮುಂದಿರೋ ಮುಖ ಕಪ್ಪಾಗ್ದೆ ಇರುತ್ತಾ?"

"ಗೋಡೆಗೆ ಹಿಡಿದಿಲ್ಲ ನಾನು. ಹೂಜಿ ಇಟ್ಟು, ಹೂಜಿಗೇ ಹಿಡಿದಿದ್ದು."

"ಹೂಜಿನಾ?"

ಹೇಳಬೇಕಾಯಿತು. ಅವರು ನಗಲಿಲ್ಲ. ಮೊದಲನೇ ಕಾಗದವನ್ನು ಮತ್ತೆ ನೋಡಿ, "ಹೂಜಿ ಇಟ್ರೂ ಅದು ನೋಡಿರೋದು ಗೋಡೆನೇ. ಅದ್ಯಾಕೋ ಗೊತ್ತಾಗ್ಲಿಲ್ಲ" ಅಂದರು. ಆಮೇಲೆ ತಮ್ಮ ಅಂಗೈ ಎತ್ತಿ ತೋರಿಸಿದರು. "ಹೂಜಿ ಗೀಜಿ ಬೇಡ. ನೀವು ಕೂರೋ ಜಾಗಕ್ಕೆ ಕ್ಯಾಮೆರಾ ತಗೊಂಡೋಗಿ, ಅಲ್ಲೇ ಅಂಗೈ ಚಾಚಿ, ಕ್ಯಾಮೆರಾ ತುಂಬ ಅಂಗೈಯೇ ಕಾಣೋ ಹಂಗೆ ಹತ್ರ ಹಿಡಿದು ಮುಳ್ಳು ಮಧ್ಯಕ್ಕೆ ತನ್ನಿ. ಅಂಗೈ ಸ್ವಲ್ಪ ಬೆಳ್ಳಗಿರೋದ್ರಿಂದ ಉಂಗುರನ ಒಂದು ಮನೆ ಜಾಸ್ತಿ ಬೆಳಕಿನ ಕಡೆ ತಿರುಗ್ಸಿ. ಅಷ್ಟೇ. ಯಾರ ಹಂಗೂ ಬೇಕಾಗಿಲ್ಲ."

ಯಾರ ಹಂಗೂ ಬೇಕಾಗಿಲ್ಲ ಅನ್ನುವ ಮಾತು ಅವರು ಸಮಾಧಾನಕ್ಕೆ ಹೇಳಿದ್ದು. ನನಗೆ ಚುಳ್ಳೆಂದಿತು.

ಮೂರನೇ ರೋಲು ಹಾಕುವ ಮೊದಲು ಚೆನ್ನಾಗಿ ಅಭ್ಯಾಸ ಮಾಡಬೇಕು ಅಂತ ಬರೀ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಊರೆಲ್ಲ ತಿರುಗಿದೆ. ಎಲ್ಲಿ ನಿಂತರೂ ಭಿಕ್ಷೆ ಕೇಳುವವಳ ಹಾಗೆ ಅಂಗೈ ಚಾಚುವುದು, ಮುಳ್ಳು ನೋಡುವುದು. ಚರ್ಚಿನ ಮುಂದಿನ ಬಿಸಿಲಿನಲ್ಲಿ, ಬಸ್ ಸ್ಟ್ಯಾಂಡಿನ ತಗಡಿನ ಕೆಳಗೆ, ಮಾರ್ಕೆಟ್ಟಿನ ಬಾಳೆಎಲೆ ಸಾಲಿನ ನೆರಳಿನಲ್ಲಿ. ಒಬ್ಬ ಹೂವಿನವಳು "ಏನಮ್ಮ, ಕೈ ನೋವಾ?" ಅಂತ ಕೇಳಿದಳು. ನಾಲ್ಕು ದಿನದಲ್ಲಿ ಅವಳೊಬ್ಬಳೇ ನನ್ನನ್ನು ಮಾತಾಡಿಸಿದ್ದು. ಒಂದೆರಡು ವಾರದಲ್ಲಿ ಮುಳ್ಳು ನೋಡುವ ಮೊದಲೇ ಅದು ಎಲ್ಲಿ ನಿಲ್ಲುತ್ತದೆ ಅಂತ ಹೇಳುವಷ್ಟಾದೆ. ಸಂಜೆ ಅಡುಗೆಮನೆಯ ಕಿಟಕಿಯಲ್ಲಿ ಬೆಳಕು ಇಳಿಯುತ್ತಿದ್ದರೆ, "ಉಂಗುರ ಎಂಟರಲ್ಲಿದ್ರೆ ಸೆಕೆಂಡಿನ ಅರವತ್ತನೇ ಪಾಲು ಸಾಕಾಗಿತ್ತು, ಈಗ ಮೂವತ್ತನೇ ಪಾಲು ಬೇಕು" ಅಂತ ಗಟ್ಟಿಯಾಗಿ ಹೇಳುತ್ತಿದ್ದೆ. ಹೇಳಿ ಸುಮ್ಮನೆ ನಿಲ್ಲುತ್ತಿದ್ದೆ. ಹೌದೇನೇ ಅನ್ನಲಿಕ್ಕಾದರೂ ಆ ಮನೆಯಲ್ಲಿ ಇನ್ನೊಂದು ಗಂಟಲಿರಲಿಲ್ಲ. ಸಾವಿನ ಮನೆಗೆ ಬಂದ ಜನ, ಧೈರ್ಯ ತಗೋ, ರಾತ್ರಿ ಒಬ್ಬಳೇ ಮಲಗುವುದು ಕಷ್ಟ ಅಂದಿದ್ದರು. ಸುಳ್ಳು. ಮಲಗಿದರೆ ನಿದ್ದೆ ಬರುತ್ತದೆ. ಹೊಸದೊಂದು ವಿಷಯ ಕಲಿತಾಗ ಹೇಳಿಕೊಳ್ಳಲು ಯಾರೂ ಇಲ್ಲದಿರುವುದು ಕಷ್ಟ.

ಮೂರನೇ ರೋಲು ಒಂದೇ ಬೆಳಗ್ಗೆ ಮುಗಿಸಿದೆ. ಬೆಂಚಿನ ಹತ್ತಿರ ಹೋಗಿ ಅಂಗೈ ಚಾಚಿದೆ, ಮುಳ್ಳು ನಿಲ್ಲಿಸಿದೆ, ಒಂದು ಮನೆ ತಿರುಗಿಸಿದೆ, ಕ್ಯಾಮೆರಾವನ್ನು ಅದರ ಜಾಗದಲ್ಲಿಟ್ಟು ಬಂದು ಕೂತೆ. ಈ ಸಲ ಬಂದೇ ಬರುತ್ತದೆ ಅಂತ ಗೊತ್ತಿತ್ತು.

ಬಂದಿತ್ತು. ನಾನು ಬಾಗಿಲಲ್ಲಿ ಕಾಣುತ್ತಲೇ ಸ್ಟುಡಿಯೊದವರು, "ಮುಖ ಬಂತು ಕಣಮ್ಮ!" ಅಂತ ಕೂಗಿದರು. ಭೂತಗನ್ನಡಿ ಕೊಟ್ಟು ಕಾಗದ ಮುಂದೆ ಸರಿಸಿದರು. ಮಚ್ಚೆ ಇತ್ತು. ಕಣ್ಣ ಕೆಳಗಿನ ಚೀಲಗಳಿದ್ದವು. ಹಣೆಯ ಗೆರೆ ಮೂರೂ ಇದ್ದವು. ಗೋಡೆ ಬೆಳ್ಳಗಿತ್ತು, ನಾನು ಕಂದುಬಣ್ಣದ ಹೆಂಗಸು ಅಂತ ಕಪ್ಪುಬಿಳುಪಿನಲ್ಲೂ ಗೊತ್ತಾಗುತ್ತಿತ್ತು. ಎಷ್ಟು ಖುಷಿಯಾಯಿತು ಅಂದರೆ ಅವರ ಕೈ ಹಿಡಿದುಕೊಳ್ಳುವುದೊಂದು ಬಾಕಿ.

ಅವರು ಮೊದಲನೇ ರೋಲಿನ ಕಾಗದವನ್ನೂ ತಂದು ಇದರ ಪಕ್ಕದಲ್ಲಿಟ್ಟರು. "ಆ ಹೂಜಿ ವಿಷಯ ತಲೆಯಲ್ಲೇ ಕೊರೀತಿತ್ತು. ಈಗ ಹೊಳೀತು ನೋಡಿ. ಈ ಕ್ಯಾಮೆರಾ ಮೀಟರ್ ಚಿತ್ರದ ನಡುಮಧ್ಯನೇ ಜಾಸ್ತಿ ನೋಡೋದು, ಅಂಚುಗಳನ್ನ ಅಷ್ಟಾಗಿ ಲೆಕ್ಕಕ್ಕೆ ತಗೊಳಲ್ಲ. ನೀವು ಮಧ್ಯದಲ್ಲಿ ಕೂತೇ ಇಲ್ಲ. ಎಲ್ಲಾದ್ರಲ್ಲೂ ಎಡತುದಿಲೇ ಇದ್ದೀರಿ. ಹೂಜಿನೂ ಅಲ್ಲೇ ಇಟ್ಟಿರ್ತೀರಿ. ನಡುವೆ ಬರೀ ಗೋಡೆ. ಇಷ್ಟು ದಿನ ಮುಳ್ಳು ಅಳೆದಿರೋದು ಖಾಲಿ ಜಾಗನ."

ಆಮೇಲೆ ಭೂತಗನ್ನಡಿ ಆಚೆ ಇಟ್ಟು, ತಮ್ಮ ಎಂದಿನ ಮೆದುದನಿಯಲ್ಲೇ ಕೇಳಿದರು: "ಪಕ್ಕದಲ್ಲಿ ಇನ್ಯಾರೋ ಬಂದು ಕೂರೋರಿದ್ರಾ? ಬರ್ಲಿಲ್ವಾ?"

ನೋಡಿದೆ. ಮೊದಲನೇ ರೋಲಿನಲ್ಲಿ ಮೂವತ್ತಾರು, ಮೂರನೆಯದರಲ್ಲಿ ಮೂವತ್ತಾರು. ಒಂದರಲ್ಲೂ ತಪ್ಪಿರಲಿಲ್ಲ. ಬೆಂಚಿನ ಒಂದು ತುದಿಗೆ ಒತ್ತರಿಸಿಕೊಂಡು, ಮೊಣಕೈ ಮೈಗಂಟಿಸಿಕೊಂಡು ಕೂತಿದ್ದೆ, ಪಕ್ಕದವರಿಗೆ ತಾಗಬಾರದು ಅನ್ನುವ ಹಾಗೆ. ಆ ಕಡೆ ಇನ್ನೊಬ್ಬರು ಕಾಲು ಮಡಚಿಕೊಂಡು ಕೂರುವಷ್ಟು ಜಾಗ. ಮೂವತ್ತು ವರ್ಷ ಬೆಳಗಿನ ಕಾಫಿ ಕುಡಿದದ್ದು ಆ ಬೆಂಚಿನ ಮೇಲೆಯೇ. ಅಕ್ಕ ಆ ತುದಿ, ನಾನು ಈ ತುದಿ, ನಡುವೆ ಕಾಫಿ ಲೋಟಗಳು. ಓಡಿ ಬಂದು ಕೂರುವ ಅವಸರದಲ್ಲಿ ಮೈ ತನಗೆ ಗೊತ್ತಿದ್ದ ಕಡೆ ಹೋಗಿ ಕೂತಿತ್ತು. ಹೂಜಿಯನ್ನೂ ಅಲ್ಲೇ ಕೂರಿಸಿತ್ತು.

"ನಮ್ಮಕ್ಕ" ಅಂದೆ. "ಎರಡು ತಿಂಗಳ ಹಿಂದೆ ಹೋಗ್ಬುಟ್ಲು."

ಅವರು ಮೊದಲನೇ ಕಾಗದವನ್ನು ಆಚೆ ಸರಿಸಿದರು. ಆಮೇಲೆ, "ಅದೇನು ಕಷ್ಟ ಇಲ್ಲಮ್ಮ. ಆ ಕಡೆದು ಕತ್ತರಿಸಿಬಿಟ್ರೆ ನಿಮ್ಮ ಮುಖ ಮಧ್ಯಕ್ಕೆ ಬರುತ್ತೆ. ಯಾರಿಗೂ ಗೊತ್ತಾಗಲ್ಲ. ಕತ್ತರಿಸ್ಲಾ?" ಅಂದರು.

ಆಗಲಿ ಅನ್ನಬಹುದಿತ್ತು. ನನಗೆ ಬೇಕಾಗಿದ್ದ ಮುಖ ಅಲ್ಲೇ ಇತ್ತು, ಸ್ಪಷ್ಟವಾಗಿ, ಇದ್ದದ್ದು ಇದ್ದ ಹಾಗೆ. ಇನ್ನೊಮ್ಮೆ ಬಗ್ಗಿ ನೋಡಿದೆ. ಇದ್ದ ಹಾಗೆ ಇರಲಿಲ್ಲ. ಆ ಮುಖದಲ್ಲಿ ಒಂದು ನೆಮ್ಮದಿಯಿತ್ತು. ಅಡುಗೆಮನೆಯಲ್ಲಿ ಯಾರೋ ಇದ್ದಾರೆ, ಈಗ ಬರುತ್ತಾರೆ ಅಂತ ಕೂತವಳ ಮುಖ ಅದು. ಆ ಕಂಪ್ಯೂಟರಿನವನು ನನ್ನ ಮುಖದಿಂದ ಇದ್ದದ್ದನ್ನು ತೆಗೆದಿದ್ದ. ನಾನು ಇಲ್ಲದ್ದನ್ನು ಸೇರಿಸಿಕೊಂಡು ಕೂತಿದ್ದೆ. ಅವನ ಜೊತೆ ಅಷ್ಟು ಜಗಳವಾಡಿದವಳು ಇದನ್ನು ಹೇಗೆ ಒಪ್ಪಲಿ?

"ಬೇಡ. ಇನ್ನೊಂದು ರೋಲು ಕೊಡಿ" ಅಂದೆ.

ಮಾರನೆಯ ಬೆಳಗ್ಗೆ ಅಂಗೈಯಿಂದ ಬೆಳಕು ಅಳೆದು, ಕ್ಯಾಮೆರಾ ಇಟ್ಟು, ಬೆಂಚಿನ ಮಧ್ಯದಲ್ಲಿ ಕೂತೆ. ಹೇಳುವಷ್ಟು ಸುಲಭವಾಗಿರಲಿಲ್ಲ. ಎರಡೂ ತುದಿ ಸವೆದು ನುಣ್ಣಗಾಗಿದ್ದ ಬೆಂಚು ನಡುವೆ ಒರಟಾಗಿತ್ತು, ಸೀರೆ ಸಿಕ್ಕಿಕೊಂಡಿತು. ಅಷ್ಟು ವರ್ಷದಲ್ಲಿ ಅಲ್ಲಿ ಯಾರೂ ಕೂತೇ ಇರಲಿಲ್ಲ. ಒಂದಾದ ಮೇಲೊಂದು ತೆಗೆದೆ. ಏಳನೆಯದೋ ಎಂಟನೆಯದೋ ಹೊತ್ತಿಗೆ ನೋಡಿಕೊಂಡರೆ ಮತ್ತೆ ತುದಿಗೆ ಸರಿದಿದ್ದೆ. ಎದ್ದು, ನನ್ನನ್ನು ನಾನೇ ಬೈದುಕೊಂಡು, ಮತ್ತೆ ಮಧ್ಯಕ್ಕೆ ಬಂದೆ. "ಇಲ್ಲ ಕಣೇ, ಅವಳು ಬರಲ್ಲ, ಸರಿಯಾಗಿ ಕೂತ್ಕೋ" ಅಂತ ಗಟ್ಟಿಯಾಗಿ ಹೇಳಿಕೊಂಡೆ. ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಪೆಟ್ಟಿಗೆಯ ಮುಂದೆ ಬಾರದೆ ಹೋಗಿದ್ದ ಅಳು ಆಗ ಬಂತು. ಕ್ಯಾಮೆರಾ ಸರ್ ಅನ್ನುತ್ತಿತ್ತು, ಅಳುತ್ತಲೇ ಒಂದು ಕ್ಲಿಕ್ ಆಯಿತು. ಮುಖ ತೊಳೆದುಕೊಂಡು ಬಂದು ಇನ್ನಷ್ಟು ತೆಗೆದೆ.

ಕಾಗದ ನೋಡಿ ಸ್ಟುಡಿಯೊದವರು, "ಬೆಳಕು ಒಂದರಲ್ಲೂ ತಪ್ಪಿಲ್ಲ ಕಣಮ್ಮ. ಯಾವುದನ್ನ ದೊಡ್ಡದು ಮಾಡ್ಲಿ?" ಅಂತ ಕೇಳಿದರು. ಕೊನೆಯ ಸಾಲಿನಲ್ಲಿದ್ದ ಒಂದರ ಮೇಲೆ ಬೆರಳಿಟ್ಟೆ. ಅವರು ಹಿಂದೆಮುಂದೆ ನೋಡಿ, ಹೋದ ಸಲದ್ದೇ ಇನ್ನೂ ಚೆನ್ನಾಗಿತ್ತಲ್ಲಮ್ಮ ಅಂದರು. ಚೆನ್ನಾಗಿತ್ತು, ಆದರೆ ಅದು ನಾನಲ್ಲ ಅಂದೆ.

ಫ್ರೇಮು ಹಾಕಿಸಿದ್ದೇನೆ. ಬೀರುವಿನ ಬಾಗಿಲು ತೆಗೆದ ಕೂಡಲೇ ಕಾಣುತ್ತದೆ, ಯಾರೂ ಹುಡುಕಬೇಕಾಗಿಲ್ಲ. ಬೆಂಚಿನ ನಡುವೆ ಒಬ್ಬ ಹೆಂಗಸು ಕೂತಿದ್ದಾಳೆ, ಮುಖದ ಒಂದೊಂದು ಗೆರೆಯೂ ಕಾಣುತ್ತದೆ. ಅವಳಿಗೆ ಯಾರೂ ಇಲ್ಲ ಅಂತ ಯಾರು ನೋಡಿದರೂ ಹೇಳುತ್ತಾರೆ.